ಓಟದ ಆ್ಯಪ್‌ನಿಂದ ಮಾಹಿತಿ ಸೋರಿದೆ: ಖಾತೆ ಅಳಿಸಲೇ, ಉಳಿಸಿಕೊಳ್ಳಲೇ?

ಮೈಸೂರಿನಿಂದ ಪ್ರಶ್ನೆ: ಆರು ವರ್ಷಗಳಿಂದ ಬಳಸುತ್ತಿರುವ ಓಟದ ಆ್ಯಪ್‌ನವರು ನಮ್ಮ ಹೆಸರು, ಇಮೇಲ್, ಪಾಸ್‌ವರ್ಡ್ ಕಳುವಾಗಿವೆ ಎಂದು ನಿನ್ನೆ ತಿಳಿಸಿದ್ದಾರೆ. ಖಾತೆಯನ್ನೇ ಅಳಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಓಟಗಾರ: ಅಳಿಸಿಬಿಡಿ. ನಾನು ಅಳಿಸುವ ಮುನ್ನ 611 ಓಟಗಳ ಜಿಪಿಎಕ್ಸ್ ಫೈಲುಗಳನ್ನು (ಓಡಿದ ಹಾದಿಯ ದಾಖಲೆಗಳನ್ನು) ಒಂದೊಂದಾಗಿ ಇಳಿಸಿಕೊಳ್ಳಲು ಮೂರು ಭಾನುವಾರ ಹಿಡಿಯಿತು. 2,499 ರೂಪಾಯಿಯ ಚಂದಾದಲ್ಲಿ ಏಳು ತಿಂಗಳು ಬಾಕಿಯಿದ್ದರೂ ಒಂದು ಪೈಸೆ ಮರಳಲಿಲ್ಲ. ನನ್ನ ಮೊದಲ ಹಾಫ್ ಮ್ಯಾರಥಾನಿನ ಹೃದಯಬಡಿತದ ದಾಖಲೆ ಹೋಗಿಯೇ ಹೋಯಿತು. ಈಗ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ನೆಮ್ಮದಿಯಾಗಿದ್ದೇನೆ.

ಬೆಂಗಳೂರಿನ ಗೃಹಿಣಿ: ಈ ಮಾತನ್ನು ಒಪ್ಪಲಾರೆ. ಕಳುವಾದದ್ದು ಖಾತೆ ಅಳಿಸಿದರೆ ಮರಳುವುದಿಲ್ಲ. 2018ರ ಫೆಬ್ರುವರಿಯಲ್ಲಿ ಊಟ-ವ್ಯಾಯಾಮದ ಲೆಕ್ಕವಿಡುವ ಮೈಫಿಟ್‌ನೆಸ್‌ಪಾಲ್ ಆ್ಯಪ್‌ನಿಂದ ಕಳುವಾದ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಮರುವರ್ಷ ಡಾರ್ಕ್ ವೆಬ್‌ನಲ್ಲಿ, ಅಂದರೆ ಅಂತರ್ಜಾಲದ ಗುಪ್ತ ಮೂಲೆಯಲ್ಲಿ, ಮಾರಾಟಕ್ಕೆ ಬಂದಿತ್ತು. ನನಗೆ ಪೆಟ್ಟು ಬಿದ್ದದ್ದು ಬೇರೊಂದು ಆ್ಯಪ್‌ನಿಂದ. ಅಲ್ಲಿದ್ದ ಪಾಸ್‌ವರ್ಡನ್ನೇ ಇಮೇಲಿಗೂ ಇಟ್ಟಿದ್ದೆ. ರಾತ್ರಿ 2 ಗಂಟೆ 10 ನಿಮಿಷಕ್ಕೆ ಯಾರೋ ಇಮೇಲ್ ತೆರೆದು, ಅಲ್ಲಿಂದ ಶಾಪಿಂಗ್ ಖಾತೆಗೆ ನುಗ್ಗಿ, ವಾಲೆಟ್‌ನಲ್ಲಿದ್ದ 8,400 ರೂಪಾಯಿಗೂ ಗಿಫ್ಟ್ ಕಾರ್ಡ್ ಕೊಂಡರು. ಬೆಳಗಾಗುತ್ತಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟು 47 ದಿನ ಅಲೆದ ಮೇಲೆ ಕೈಗೆ ಬಂದದ್ದು 3,000 ರೂಪಾಯಿ.

ಹುಬ್ಬಳ್ಳಿ ಓಟಗಾರ: ಒಂದೇ ಪಾಸ್‌ವರ್ಡ್ ಎರಡು ಕಡೆ ಇಟ್ಟದ್ದು ನಿಮ್ಮ ತಪ್ಪು, ಅದಕ್ಕೆ ನನ್ನ ಸಲಹೆಯನ್ನೇಕೆ ಹಳಿಯುತ್ತೀರಿ? ಖಾತೆಯೇ ಇಲ್ಲದಿದ್ದರೆ ಮುಂದಿನ ಸೋರಿಕೆಯಲ್ಲಿ ನನ್ನ ಹೆಸರು ಇರುವುದಿಲ್ಲ.

ಶಿವಮೊಗ್ಗದ ತಾಯಿ: ಇಬ್ಬರೂ ಪಾಸ್‌ವರ್ಡಿಗಾಗಿ ಕಾದಾಡುತ್ತಿದ್ದೀರಿ, ನಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪ್‌ನ ಹೀಟ್‌ಮ್ಯಾಪ್‌ನಿಂದ (ಬಳಕೆದಾರರು ಓಡಾಡಿದ ಹಾದಿಗಳನ್ನು ಒಟ್ಟಾಗಿ ತೋರಿಸುವ ನಕ್ಷೆಯಿಂದ) ಅಫ್ಘಾನಿಸ್ತಾನ, ಸಿರಿಯಾಗಳ ಸೇನಾ ನೆಲೆಗಳಲ್ಲಿ ಸೈನಿಕರು ಓಡಾಡಿದ ಹಾದಿಗಳು ಬಯಲಾದಾಗ, ಅಲ್ಲಿ ಯಾರೂ ಏನನ್ನೂ ಕದ್ದಿರಲಿಲ್ಲ. ನನ್ನ ಮಗಳ ಓಟ ದಿನಾ 5.40ಕ್ಕೆ ನಮ್ಮ ಗೇಟಿನಿಂದ ಹೊರಟು ಗೇಟಿಗೇ ಮುಗಿಯುತ್ತಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಒಂದು ಬೆಳಗ್ಗೆ ಅಪರಿಚಿತನೊಬ್ಬ ಹಾಲಿನ ಬೂತಿನ ಬಳಿ ಕಾದು ನಿಂತು ಅವಳನ್ನು ಹೆಸರು ಹಿಡಿದು ಕರೆದ. ಅಂದೇ ಎಲ್ಲ ಓಟಗಳನ್ನೂ ಖಾಸಗಿ ಮಾಡಿದೆವು, ಮನೆಯ ಸುತ್ತಲಿನ ಹಾದಿಯನ್ನು ನಕ್ಷೆಯಲ್ಲಿ ಮರೆಮಾಡಿದೆವು. ಅವಳು ಮತ್ತೆ ಓಡಲು ಹೊರಟದ್ದು ನಾಲ್ಕು ತಿಂಗಳ ಮೇಲೆ.

ಬೆಂಗಳೂರಿನ ಗೃಹಿಣಿ: ಹುಬ್ಬಳ್ಳಿಯವರೇ, ತಪ್ಪು ನನ್ನದೆಂದು ಒಪ್ಪುತ್ತೇನೆ. ಆದರೆ ಆ ಪಾಸ್‌ವರ್ಡ್ ಇನ್ನೆಲ್ಲೆಲ್ಲಿ ಉಳಿದಿದೆ ಎಂದು ನೋಡದೆ ಖಾತೆಯೊಂದನ್ನೇ ಅಳಿಸಿ ಕುಳಿತರೆ ನನಗಾದದ್ದೇ ಮೈಸೂರಿನವರಿಗೂ ಆಗುತ್ತದೆ. ಶಿವಮೊಗ್ಗದ ಅಕ್ಕ, ಆ ಅಪರಿಚಿತನ ಮೇಲೆ ಪೊಲೀಸರಿಗೆ ದೂರು ಕೊಟ್ಟಿರಾ?