ಅಪ್‌ಡೇಟ್: ಮೊಮ್ಮಕ್ಕಳ ಕೈಯಿಂದ ಮೊಬೈಲ್ ಜಾರಿತು

ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳಿಬ್ಬರೂ ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಏನು ಮಾಡಿಸಲಿ ಎಂದು ಹೋದ ವಾರ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟ ಅರ್ಧ ಗಂಟೆ ನಡೆಯಿತು. 11 ವರ್ಷದ ಮೊಮ್ಮಗನ ಭಾರಕ್ಕೆ ಹಾಳೆ ಸೀಳಿತು, ನನ್ನ ಸೊಂಟವೂ ಹಿಡಿದುಕೊಂಡಿತು. ತೆಂಗಿನ ಗರಿಯ ಪೀಪಿ ನನ್ನ ಬಾಯಲ್ಲಿ ಮಾತ್ರ ಕೂಗಿತು. ಅವರು ಊದಿದರೆ ಬರೀ ಎಂಜಲು.

ಗೆದ್ದದ್ದು ‘ಗಿಡದಿಂದಲೇ ಬಣ್ಣ ಮಾಡಿಸಿ’ ಎಂದವರ ಸಲಹೆ. ಸಾಗುವಾನಿಯ ಚಿಗುರೆಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು! ಮೊಮ್ಮಗಳು ಹೆದರಿ ಬಚ್ಚಲಿಗೆ ಓಡಿದಳು. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ. ಅದರ ಮೇಲೆ ನಿಂಬೆರಸದ ಹನಿ ಬಿದ್ದಲ್ಲಿ ಗುಲಾಬಿ. ಅರಿಸಿನಕ್ಕೆ ಸುಣ್ಣ ಸೇರಿದರೆ ಓಕುಳಿಯಾಗುವುದು ನನಗೆ ಗೊತ್ತೇ ಇತ್ತು (ಸುಣ್ಣವನ್ನು ಮಾತ್ರ ನಾನೇ ಹಾಕಿದೆ). ಅದಕ್ಕೆ ನಿಂಬೆ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆಂದು 68ನೆಯ ವಯಸ್ಸಿನಲ್ಲಿ ಮೊಮ್ಮಗನಿಂದ ಕಲಿತೆ.

ಮಾಡಿಸುವವರು ಮಕ್ಕಳಿಗೆ ಹಳೆಯ ಅಂಗಿ ಹಾಕಿಸಿ. ಸಾಗುವಾನಿಯ ಕಲೆ ಎರಡು ಸಲ ಒಗೆದರೂ ಹೋಗಲಿಲ್ಲ. ಮಗಳು ಇನ್ನೂ ನೋಡಿಲ್ಲ.