ಮೆಲೋನಿ ಪಕ್ಷದ ಜೊತೆ ಜರ್ಮನ್ ಮಾತಿನವರ ಪಕ್ಷ: ಜಾಣತನವೋ, ಶರಣಾಗತಿಯೋ?

ಮಲೆನಾಡು ರವಿ:
ಇಟಲಿಯ ಉತ್ತರ ತುದಿಯಲ್ಲಿ, ಆಸ್ಟ್ರಿಯಾ ಗಡಿಗೆ ಅಂಟಿಕೊಂಡು ದಕ್ಷಿಣ ಟಿರೋಲ್ ಅಂತ ಒಂದು ಪ್ರಾಂತ್ಯವಿದೆ. ಐದು ಲಕ್ಷಕ್ಕೆ ಸ್ವಲ್ಪ ಮೇಲೆ ಜನ. ಹತ್ತರಲ್ಲಿ ಸುಮಾರು ಏಳು ಮಂದಿಯದು ಜರ್ಮನ್ ಮನೆಮಾತು. 1945ರಿಂದ ಅವರ ಪರವಾಗಿ ರೋಮ್ ಜೊತೆ ಮಾತಾಡುತ್ತಾ ಬಂದಿರುವುದು ಎಸ್‌ವಿಪಿ, ಅಂದರೆ ದಕ್ಷಿಣ ಟಿರೋಲ್ ಜನತಾ ಪಕ್ಷ. ಎಡೆಲ್‌ವೈಸ್ ಹೂವಿನ ಗುರುತು. 2023ರ ಪ್ರಾಂತೀಯ ಚುನಾವಣೆಯಲ್ಲಿ ಅವರಿಗೆ 35ರಲ್ಲಿ 13 ಸೀಟು ಬಂತು. ಆಮೇಲೆ ಕಟ್ಟಿಕೊಂಡ ಕೂಟದಲ್ಲಿ ಇಟಲಿಯ ಪ್ರಧಾನಿ ಮೆಲೋನಿಯ 'ಇಟಲಿಯ ಸಹೋದರರು' ಪಕ್ಷವೂ ಇದೆ. ಜರ್ಮನ್ ಶಾಲೆ ಮುಚ್ಚಿಸಿದವರು ಮುಸೊಲಿನಿಯ ಫ್ಯಾಸಿಸ್ಟರು. ಯುದ್ಧದ ನಂತರ ಅವರ ಕಡೆಯವರು ಕಟ್ಟಿದ ಪಕ್ಷದ ಬೇರಿನಿಂದಲೇ ಮೆಲೋನಿಯ ಪಕ್ಷ ಚಿಗುರಿದ್ದು. ಇವರಿಗೆ ಅವರ ಜೊತೆ ಕೂರಲು ಮನಸ್ಸಾದರೂ ಹೇಗೆ ಬಂತು?

ಕಡ್ಡಿಪುಡಿ:
ಕುರ್ಚಿ ಕಂಡರೆ ಎಲ್ಲಾ ದೇಶದಲ್ಲೂ ಮನಸ್ಸು ಬರುತ್ತೆ ಬಿಡಿ.

ಹಳೇ ಪೇಪರ್:
ರವಿ, ಶಾಲೆ ಮುಚ್ಚಿಸಿದ್ದಷ್ಟೇ ಹೇಳಿದರೆ ಕಥೆ ಅರ್ಧವೂ ಆಗಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಒಪ್ಪಂದದಲ್ಲಿ ಈ ಜಾಗ ಆಸ್ಟ್ರಿಯಾದ ಕೈಯಿಂದ ಇಟಲಿಗೆ ಹೋಯಿತು. ಅಲ್ಲಿನವರನ್ನು ಯಾರೂ ಕೇಳಲಿಲ್ಲ. ಟೊಲೊಮೇ ಎಂಬಾತ ಮೊದಲೇ ಕಟ್ಟಿಟ್ಟಿದ್ದ ಇಟಾಲಿಯನ್ ಹೆಸರುಗಳನ್ನು ಆಮೇಲೆ ಫ್ಯಾಸಿಸ್ಟರು ಊರುಗಳಿಗೆಲ್ಲ ಹೇರಿದರು. ಸ್ಟೆರ್ಟ್ಸಿಂಗ್ ಹೋಗಿ ವಿಪಿಟೆನೊ ಆಯಿತು. ಗೋರಿಕಲ್ಲಿನ ಮೇಲೆ ಕೂಡ ಹೊಸದಾಗಿ ಜರ್ಮನ್ ಅಕ್ಷರ ಕೆತ್ತುವ ಹಾಗಿರಲಿಲ್ಲ. ಮಕ್ಕಳು ಮನೆಗಳ ಒಳಗೆ ಕದ್ದುಮುಚ್ಚಿ ಜರ್ಮನ್ ಕಲಿತರು. ಅದಕ್ಕೆ ನೆಲಮಾಳಿಗೆಯ ಶಾಲೆ ಎಂದೇ ಹೆಸರು.

1939ರಲ್ಲಿ ಹಿಟ್ಲರ್, ಮುಸೊಲಿನಿ ಸೇರಿ ಜನರ ಮುಂದೆ ಒಂದು ಆಯ್ಕೆ ಇಟ್ಟರು. ಜರ್ಮನಿಗೆ ಹೋಗಿ, ಇಲ್ಲವೇ ಇಟಾಲಿಯನ್ನರಾಗಿ ಉಳಿಯಿರಿ. ಎಂಬತ್ತು ಪ್ರತಿಶತಕ್ಕಿಂತ ಜಾಸ್ತಿ ಜನ ಹೋಗುತ್ತೇವೆ ಅಂದರು. ನಿಜವಾಗಿ ಗಂಟುಮೂಟೆ ಕಟ್ಟಿದವರು ಸುಮಾರು 75,000. ಉಳಿಯುತ್ತೇವೆ ಅಂದವರನ್ನು ನೆರೆಹೊರೆಯವರೇ ದ್ರೋಹಿಗಳು ಅಂತ ಬೈದರು. ಎಸ್‌ವಿಪಿ ಹುಟ್ಟಿದ್ದು 1945ರ ಮೇ 8ರಂದು, ಯೂರೋಪಿನಲ್ಲಿ ಯುದ್ಧ ಮುಗಿದ ದಿನವೇ. ಮುಂದೆ ನಿಂತವರಲ್ಲಿ ಹೆಚ್ಚಿನವರು ಹೀಗೆ ಉಳಿದುಕೊಂಡವರು. ಮೊದಲ ಅಧ್ಯಕ್ಷ ಎರಿಕ್ ಅಮೊನ್ ಪ್ರಾಂತ್ಯದ ರಾಜಧಾನಿ ಬೋಲ್ಜಾನೋದ ವ್ಯಾಪಾರಿ.

ಬವೇರಿಯಾ ಭಾವ:
ನಾನು ಮ್ಯೂನಿಕ್‌ನಲ್ಲಿದ್ದೇನೆ. ಬ್ರೆನ್ನರ್ ಕಣಿವೆ ದಾಟಿ ರೈಲಿನಲ್ಲಿ ಬೋಲ್ಜಾನೋಗೆ ಎರಡು ಸಲ ಹೋಗಿ ಬಂದೆ. ಸ್ಟೇಷನ್ ಬೋರ್ಡ್‌ನಲ್ಲಿ ಎರಡೂ ಹೆಸರು. ಅಂಗಡಿಯವ ನನ್ನ ಹರಕು ಜರ್ಮನ್ ಕೇಳಿ ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟ. ಆ ನಗರದಲ್ಲಿ ಮಾತ್ರ ಇಟಾಲಿಯನ್ ಮಾತಿನವರೇ ಜಾಸ್ತಿ.

ಈಗ ರವಿಯವರ ಪ್ರಶ್ನೆಗೆ. ಪ್ರಾಂತೀಯ ಸಭೆಯಲ್ಲಿ ಯಾವ ಭಾಷೆಯವರು ಎಷ್ಟಿದ್ದಾರೋ ಸರ್ಕಾರದಲ್ಲೂ ಆ ಪ್ರಮಾಣ ಕಾಣಬೇಕು ಅಂತ ಪ್ರಾಂತ್ಯದ ಸ್ವಾಯತ್ತತೆಯ ಕಾನೂನೇ ಹೇಳುತ್ತದೆ. ಬರೀ ಜರ್ಮನ್ ಮಾತಿನವರ ಸರ್ಕಾರ ಕಟ್ಟಲು ಆಗುವುದೇ ಇಲ್ಲ. 2023ರಲ್ಲಿ ಗೆದ್ದ ಇಟಾಲಿಯನ್ ಮಾತಿನವರು ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರು ಬಲಪಂಥದವರು. ಮೇಲಾಗಿ ರೋಮ್‌ನಲ್ಲಿ ಗದ್ದುಗೆ ಹಿಡಿದಿರುವುದೂ ಮೆಲೋನಿ. ಸ್ವಾಯತ್ತತೆಯ ಕಾನೂನು ತಿದ್ದಬೇಕಾದರೆ ರೋಮ್ ಸಂಸತ್ತೇ ಒಪ್ಪಬೇಕು. ಯಾರ ಮನೆ ಬಾಗಿಲು ತಟ್ಟುತ್ತೀರಿ?

ಸುಮಾ ಟೀಚರ್:
ಬೆರಳೆಣಿಕೆಯವರಲ್ಲಿ ಎಡದವರೂ ಇದ್ದರಲ್ಲ, ಭಾವ. ಹಸಿರು ಪಕ್ಷದವರೂ ಸಭೆಯಲ್ಲಿದ್ದರು. ಕಷ್ಟವಾಗಿರಬಹುದು, ಬೇರೆ ಲೆಕ್ಕ ಹಾಕಿ ನೋಡಬಹುದಿತ್ತು. 'ಕಾನೂನು ಹೇಳಿತು, ಕೂತೆವು' ಅನ್ನುವುದು ಸುಮ್ನೆ ನೆಪ.

ನನ್ನ ತಕರಾರು ಇನ್ನೂ ಒಳಗಿನದು. ಅಲ್ಲಿ ಜರ್ಮನ್ ಶಾಲೆ ಬೇರೆ, ಇಟಾಲಿಯನ್ ಶಾಲೆ ಬೇರೆ. ಇನ್ನೊಂದು ಭಾಷೆ ಒಂದು ಪಾಠ ಮಾತ್ರ. ಜನಗಣತಿಯಲ್ಲಿ ನೀವು ಜರ್ಮನ್ನೋ, ಇಟಾಲಿಯನ್ನೋ, ಲಾಡಿನ್ನೋ (ಅಲ್ಲಿನ ಕೆಲವು ಕಣಿವೆಗಳ ಮೂರನೇ, ಸಣ್ಣ ಭಾಷೆ) ಅಂತ ಬರೆದು ಕೊಡಬೇಕು. ಅದರ ಲೆಕ್ಕದಲ್ಲಿ ಸರ್ಕಾರಿ ಕೆಲಸ ಹಂಚುತ್ತಾರೆ. ಅಲೆಕ್ಸಾಂಡರ್ ಲಾಂಗರ್ ಅಂತ ಒಬ್ಬರಿದ್ದರು, ಮೇಷ್ಟ್ರು, ಮುಂದೆ ಯೂರೋಪಿನ ಸಂಸತ್ತಿಗೂ ಹೋದವರು. ನಾನು ಯಾವ ಗೂಡಿಗೂ ಸೇರಲ್ಲ ಅಂತ 1981ರಲ್ಲಿ ಬರೆದು ಕೊಡಲಿಲ್ಲ. ಮೇಷ್ಟ್ರ ಕೆಲಸ ತಪ್ಪಿತು. 1995ರಲ್ಲಿ ಬೋಲ್ಜಾನೋ ಮೇಯರ್ ಚುನಾವಣೆಗೆ ನಿಲ್ಲಲೂ ಬಿಡಲಿಲ್ಲ. ಈ ಬೇಲಿಯನ್ನು ಕಾಯುತ್ತಾ ಬಂದದ್ದು ಎಸ್‌ವಿಪಿಯೇ.

ಹಳೇ ಪೇಪರ್:
ಟೀಚರ್, ಲಾಂಗರ್‌ಗೆ ಆದದ್ದು ಅನ್ಯಾಯವೇ, ಒಪ್ಪಿದೆ. ಆದರೆ ಆ ಹಂಚಿಕೆ ಬರುವ ಮುಂಚೆ ಹೇಗಿತ್ತು ನೋಡಿ. ರೈಲ್ವೆ, ಅಂಚೆ, ಕೋರ್ಟು, ಎಲ್ಲಿ ಹೋದರೂ ಇಟಾಲಿಯನ್ ಗುಮಾಸ್ತ. ರೈತನೊಬ್ಬ ತನ್ನ ಭಾಷೆಯಲ್ಲಿ ಒಂದು ಅರ್ಜಿ ಕೊಡಲು ಪರದಾಡಬೇಕಿತ್ತು.

1946ರಲ್ಲಿ ಪ್ಯಾರಿಸ್‌ನಲ್ಲಿ ಇಟಲಿ, ಆಸ್ಟ್ರಿಯಾ ಒಪ್ಪಂದ ಮಾಡಿಕೊಂಡವು. 1948ರಲ್ಲಿ ಸ್ವಾಯತ್ತತೆ ಬಂತು. ಬಂದದ್ದು ದಕ್ಷಿಣಕ್ಕಿರುವ ಪಕ್ಕದ ಪ್ರಾಂತ್ಯ ಟ್ರೆಂಟೊ ಜೊತೆ ಗಂಟು ಹಾಕಿ. ಆ ದೊಡ್ಡ ಪ್ರದೇಶದಲ್ಲಿ ಇಟಾಲಿಯನ್ನರೇ ಜಾಸ್ತಿ. ಹಾಗಾಗಿ ಸ್ವಾಯತ್ತತೆ ಕೈಗೆ ಸಿಕ್ಕರೂ ಬಾಯಿಗೆ ಬರಲಿಲ್ಲ. 1957ರಲ್ಲಿ ಬೋಲ್ಜಾನೋದಲ್ಲಿ 5,000 ಮನೆ ಕಟ್ಟುತ್ತೇವೆ ಅಂತ ರೋಮ್ ಹೇಳಿತು. ಹೊರಗಿನವರನ್ನು ತಂದು ತುಂಬುತ್ತಾರೆ ಅಂತ ಜನ ಕುದಿದರು. ನವೆಂಬರ್‌ನಲ್ಲಿ ಸಿಗ್ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಮೂವತ್ತು ಸಾವಿರಕ್ಕೂ ಮೇಲೆ ಜನ ಸೇರಿದರು. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಎಸ್‌ವಿಪಿ ಅಧ್ಯಕ್ಷ ಸಿಲ್ವಿಯಸ್ ಮಾಗ್ನಾಗೊ ವೇದಿಕೆಯಲ್ಲಿದ್ದರು. 'ಟ್ರೆಂಟೊದಿಂದ ಬಿಡುಗಡೆ' ಅಂದರು. ರೋಮ್‌ನಿಂದ ಬಿಡುಗಡೆ ಅನ್ನಲಿಲ್ಲ. ನಗರಕ್ಕೆ ಮೆರವಣಿಗೆ ಹೊರಡುವುದಿಲ್ಲ ಅಂತ ಅಧಿಕಾರಿಗಳಿಗೆ ಮಾತು ಕೊಟ್ಟಿದ್ದೇನೆ, ಮನೆಗೆ ಹೋಗಿ ಅಂತ ಜನರನ್ನು ಕಳಿಸಿದರು. ಅವರು ಹೋದರು!

ನನಗೆ ಈ ಪಕ್ಷದ ಬಗ್ಗೆ ಮೆಚ್ಚುಗೆ ಇರುವುದು ಆ ಒಂದು ದಿನದಿಂದ.

ಕಡ್ಡಿಪುಡಿ:
ಎಲ್ಲರೂ ಮನೆಗೆ ಹೋಗಲಿಲ್ಲ ಹಿರಿಯರೇ. 1961ರ ಜೂನ್‌ನಲ್ಲಿ ಒಂದೇ ರಾತ್ರಿ 37 ವಿದ್ಯುತ್ ಕಂಬ ಹಾರಿಸಿದವರು ಯಾರು ಹಾಗಾದರೆ? ಆ ಬಾಂಬಿಲ್ಲದೆ ರೋಮ್ ಕಿವಿಗೊಡುತ್ತಿತ್ತಾ?

ಹಳೇ ಪೇಪರ್:
ಅದು ಎಸ್‌ವಿಪಿಯ ಕೆಲಸವಲ್ಲ. ಬೇರೆ ಗುಂಪಿನದು. ಅದಕ್ಕೂ ಮೊದಲೇ, 1960ರಲ್ಲೇ, ಆಸ್ಟ್ರಿಯಾ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಬಾಂಬಿನಿಂದ ಆಯಿತಾ, ಮಾತಿನಿಂದ ಆಯಿತಾ ಅಂತ ಅಲ್ಲಿನವರೇ ಇನ್ನೂ ಜಗಳಾಡುತ್ತಾರೆ. 1969ರಲ್ಲಿ ಸ್ವಾಯತ್ತತೆ ಹಿಗ್ಗಿಸುವ 137 ಅಂಶಗಳ 'ಪ್ಯಾಕೇಜ್' ಮುಂದೆ ಬಂದಾಗ ಪಕ್ಷವೇ ಎರಡು ಹೋಳಾಗುವುದರಲ್ಲಿತ್ತು. ಮೆರಾನೋ ಸಮಾವೇಶದಲ್ಲಿ ಒಪ್ಪಿದವರು ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಅದರಿಂದಲೇ 1972ರ ಹೊಸ ಕಾನೂನು ಬಂತು. ಇವತ್ತು ತೆರಿಗೆಯ ಹತ್ತರಲ್ಲಿ ಒಂಬತ್ತು ಪಾಲು ಪ್ರಾಂತ್ಯದಲ್ಲೇ ಉಳಿಯುತ್ತದೆ.

ಮಲೆನಾಡು ರವಿ:
ಹತ್ತರಲ್ಲಿ ಒಂಬತ್ತಾ! ಇಷ್ಟೆಲ್ಲ ಗಳಿಸಿಕೊಟ್ಟ ಪಕ್ಷ ಸೊರಗುತ್ತಿರುವುದು ಯಾಕೆ? 2013ರಲ್ಲಿ ಬಹುಮತ ಹೋಯಿತು, 2018ರಲ್ಲಿ 15 ಸೀಟು, ಈಗ 13.

ಬವೇರಿಯಾ ಭಾವ:
ಗಳಿಸಿಕೊಟ್ಟದ್ದಕ್ಕೇ. ಹೊಟ್ಟೆ ತುಂಬಿದವರಿಗೆ ಕಾವಲುಗಾರ ಬೇಡ. ಮಾಗ್ನಾಗೊ 1989ರವರೆಗೆ, ಆಮೇಲೆ ಡುರ್ನ್‌ವಾಲ್ಡರ್ 2014ರವರೆಗೆ, ಈಗ ಕೊಂಪಾಚರ್. ಆರು ದಶಕಕ್ಕೆ ಪ್ರಾಂತ್ಯದ ಸರ್ಕಾರಕ್ಕೆ ಮೂರೇ ಜನ ಮುಖ್ಯಸ್ಥರು. ಬೇಸರ ಬರಲ್ವಾ? ಇಟಲಿಯಿಂದ ಪೂರ್ತಿ ಹೊರಗೆ ಹೋಗೋಣ ಅನ್ನುವ ಪಕ್ಷ ಒಂದು ಕಡೆ ಎಳೆಯುತ್ತದೆ. ಬಾಡಿಗೆ, ಆಸ್ಪತ್ರೆ ಬಗ್ಗೆ ಮಾತಾಡಿ ಅನ್ನುವ ಪಕ್ಷ ಇನ್ನೊಂದು ಕಡೆ.

ಸುಮಾ ಟೀಚರ್:
ಮೂರನೇ ಕಡೆಯೂ ಒಂದಿದೆ. ಅಪ್ಪ ಇಟಾಲಿಯನ್, ಅಮ್ಮ ಜರ್ಮನ್ ಆದ ಮನೆಗಳು. 'ಇತರ' ಅಂತ ಬರೆಯಬಹುದು, ಆದರೂ ಲೆಕ್ಕಕ್ಕೆ ಮೂರರಲ್ಲಿ ಒಂದನ್ನು ಹೇಳಲೇಬೇಕು. ಲಾಡಿನ್ ಕಣಿವೆಗಳನ್ನು ನೋಡಿ. ಇಡೀ ಪ್ರಾಂತ್ಯದಲ್ಲಿ ಅವರು ನೂರಕ್ಕೆ ನಾಲ್ಕೈದು ಜನ. ಅವರ ಶಾಲೆಯಲ್ಲಿ ಅರ್ಧ ಪಾಠ ಜರ್ಮನ್, ಅರ್ಧ ಇಟಾಲಿಯನ್, ಜೊತೆಗೆ ಲಾಡಿನ್. ಅವರ ಭಾಷೆ ಸತ್ತಿಲ್ಲ. ಹತ್ತರಲ್ಲಿ ಏಳು ಮಂದಿ ಇರುವವರಿಗೆ ಮಾತ್ರ ಯಾಕೆ ಇಷ್ಟು ಹೆದರಿಕೆ?

ಹಳೇ ಪೇಪರ್:
ಲಾಡಿನ್ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ ಟೀಚರ್. ಒಂದೇ ಮಾತು: ಪ್ರಾಂತ್ಯದಲ್ಲಿ ಏಳು, ಇಟಲಿಯಲ್ಲಿ ನೂರಕ್ಕೆ ಒಂದೂ ಇಲ್ಲ. ಹೆದರಿಕೆ ಅಲ್ಲಿಂದ ಬಂದದ್ದು.

ಕಡ್ಡಿಪುಡಿ:
ಅಂದ ಹಾಗೆ ಮಾಗ್ನಾಗೊ ಅವರ ತಂದೆ ಟ್ರೆಂಟೊ ಕಡೆಯ ಇಟಾಲಿಯನ್ ಮಾತಿನವರು, ತಾಯಿ ಆಸ್ಟ್ರಿಯಾದವರು. ಬೇಲಿ ಹಾಕಿದವರ ಮನೆಯಲ್ಲೇ ಬೇಲಿ ಇರಲಿಲ್ಲ.

ಸುಮಾ ಟೀಚರ್:
ಕಡ್ಡಿಪುಡಿ, ಇಷ್ಟು ಹೊತ್ತು ಇದನ್ನು ಇಟ್ಟುಕೊಂಡು ಸುಮ್ಮನಿದ್ದಿರಾ!