ಮೋಟರ್‌ಹೋಮ್ ಗ್ಯಾರೇಜಿನಲ್ಲಿ ಸೈಕಲ್ ಅಲುಗಾಡದ ಹಾಗೆ ಕಟ್ಟೋದು ಹೇಗೆ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಫಿಯಾಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ ಒಂದು ಹಳೇ ಮೋಟರ್‌ಹೋಮ್ (ಮಲಗೋಕೆ, ಅಡುಗೆಗೆ ಜಾಗ ಇರೋ ಗಾಡಿ) ತಗೊಂಡಿದ್ದೀವಿ, 3.5 ಟನ್ನಿನದು. ಹಿಂದಿನ ಮಂಚದ ಕೆಳಗೆ ಗ್ಯಾರೇಜ್, ಅಂದರೆ ಸಾಮಾನಿಡೋ ದೊಡ್ಡ ಖಾನೆ ಇದೆ, ಗಾಡಿಗೆ ಅಡ್ಡಲಾಗಿ. ಅದರಲ್ಲಿ ಎರಡು ಇ-ಬೈಕು, ಮಗಳ ಸಣ್ಣ ಸೈಕಲ್ ಹೋಗಬೇಕು. ಬೇಸಿಗೆ ರಜೆಗೆ ಬ್ರೆನ್ನರ್ ಕಣಿವೆ ದಾಟಿ ಇಟಲಿಯ ಗಾರ್ಡಾ ಸರೋವರಕ್ಕೆ ಹೊರಟಿದ್ದೀವಿ. ಈಗ ಕೊಕ್ಕೆಯ ರಬ್ಬರ್ ಹಗ್ಗ ಬಿಗಿದಿದ್ದೀನಿ, ಆದರೂ ಪ್ರತಿ ತಿರುವಿನಲ್ಲೂ ಹಿಂದಿನಿಂದ ಧಡ್ ಅಂತ ಸದ್ದು. ಏನು ಕೊಂಡರೆ ಒಳ್ಳೇದು?

ಉತ್ತರ 1

ಸರ್, ಕೊಳ್ಳೋ ವಿಚಾರ ಆಮೇಲೆ. ಮೊದಲು ತೂಕ ನೋಡಿ. ಇ-ಬೈಕು ತಲಾ 25 ಕೆಜಿ, ಮಗುವಿನದು 10 ಅಂದುಕೊಂಡರೂ 60 ಕೆಜಿ ಆಯ್ತು. ಗ್ಯಾರೇಜ್ ಇರೋದು ಹಿಂದಿನ ಆಕ್ಸಲ್‌ಗಿಂತ ಆಚೆ, ಹಾಗಾಗಿ ಅದು ಏತದ ಹಾಗೆ ಕೆಲಸ ಮಾಡುತ್ತೆ. ಎರಡು ಆಕ್ಸಲ್‌ಗಳ ನಡುವಿನ ದೂರ 4 ಮೀಟರ್, ಸೈಕಲ್ ನಿಂತ ಜಾಗ ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದೆ ಅಂತಿಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ ಬೀಳೋದು 60 ಅಲ್ಲ, 90 ಕೆಜಿ. ಮುಂದಿನ ಆಕ್ಸಲ್‌ನಿಂದ 30 ಕೆಜಿ ಎದ್ದುಹೋಗುತ್ತೆ. ಡುಕಾಟೊ ಓಡೋದೇ ಮುಂದಿನ ಚಕ್ರದ ಬಲದಲ್ಲಿ. ಮಳೆ ಬಿದ್ದ ಹುಲ್ಲಿನ ಕ್ಯಾಂಪ್‌ಸೈಟಿನಲ್ಲಿ ಚಕ್ರ ಸುಮ್ಮನೆ ಗಿರಗಿರ ತಿರುಗೋದಕ್ಕೆ ಇದೂ ಒಂದು ಕಾರಣ.

ಅದಕ್ಕೇ ನೀರು, ಸಾಮಾನು, ಜನ ಎಲ್ಲ ತುಂಬಿಕೊಂಡು ಒಂದು ಸಲ ಲಾರಿ ತೂಗುವ ವೇಬ್ರಿಡ್ಜಿಗೆ ಹೋಗಿ, ಒಂದೊಂದು ಆಕ್ಸಲ್ ಬೇರೆ ಬೇರೆ ತೂಗಿಸಿ. ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು. ಗ್ಯಾರೇಜಿಗೂ ಅದರದೇ ಮಿತಿ ಇರುತ್ತೆ, ಅನೇಕ ಗಾಡಿಗಳಲ್ಲಿ 150ರಿಂದ 250 ಕೆಜಿ. ಕೈಪಿಡಿಯಲ್ಲಿ ಬರೆದಿರ್ತಾರೆ. ಇ-ಬೈಕಿನ ಬ್ಯಾಟರಿ ಬಿಚ್ಚಿ ಮುಂದೆ ಕ್ಯಾಬಿನ್ ಹತ್ತಿರ ನೆಲದ ಮೇಲೆ ಭದ್ರವಾಗಿಟ್ಟರೆ ಹಿಂದಿನ ಭಾರ ಐದಾರು ಕೆಜಿ ಇಳಿಯುತ್ತೆ.

ಈಗ ಆ ಸದ್ದಿಗೆ ಬರೋಣ. ಸೈಕಲ್ ನಿಂತಿರೋದು ಗಾಡಿಗೆ ಅಡ್ಡಲಾಗಿ, ಇದನ್ನೇ ಬಹಳ ಜನ ಲೆಕ್ಕಕ್ಕೆ ತಗೊಳ್ಳಲ್ಲ. ನೀವು ಬ್ರೇಕ್ ಒತ್ತಿದಾಗ ಸೈಕಲ್ ಉರುಳಿಕೊಂಡು ಮುಂದೆ ಹೋಗಲ್ಲ, ಮಗ್ಗುಲಿಗೆ ಬೀಳುತ್ತೆ. ಉರುಳೋದು ತಿರುವಿನಲ್ಲಿ, ಎಡಬಾಗಿಲಿನಿಂದ ಬಲಬಾಗಿಲಿಗೆ. ಎರಡಕ್ಕೂ ಬೇರೆ ಬೇರೆ ಮದ್ದು. ಉರುಳದಂತೆ ಚಕ್ರ ಹಿಡಿಯಬೇಕು: ನೆಲದಲ್ಲಿ ಚಕ್ರ ಕೂರುವ ಕಾಲುವೆಯಂಥ ತಟ್ಟೆ ಅಥವಾ ರೈಲು (ಲೋಹದ ಹಳಿ), ಎರಡೂ ಚಕ್ರಗಳ ರಿಮ್ಮಿಗೆ ಪಟ್ಟಿ. ಬೀಳದಂತೆ ಮೇಲ್ಭಾಗ ಹಿಡಿಯಬೇಕು: ಸೀಟಿನ ಕಂಬದಿಂದ ಒಂದು ಪಟ್ಟಿ ಮುಂದಕ್ಕೆ, ಒಂದು ಹಿಂದಕ್ಕೆ. ಒಂದೇ ಕಡೆಗೆ ಎಳೆದು ಕಟ್ಟಿದರೆ ಅರ್ಧ ಕೆಲಸ ಅಷ್ಟೆ. ಸೈಕಲ್ಲಿನ ಸ್ವಂತ ಸ್ಟ್ಯಾಂಡ್ ನಂಬಿ ನಿಲ್ಲಿಸಬೇಡಿ, ಅದನ್ನು ಮಡಚಿಯೇ ಇಡಿ.

ರಬ್ಬರ್ ಹಗ್ಗ ಹಿಗ್ಗೋದಕ್ಕೇ ಇರೋದು, ಭಾರ ಬಿದ್ದಾಗ ಹಿಗ್ಗುತ್ತೆ. ನಿಮ್ಮ ಧಡ್ ಅದೇ. ಜರ್ಮನಿಯಲ್ಲಿ ಸರಕು ಕಟ್ಟೋದಕ್ಕಿರುವ ವಿಡಿಐ 2700 ಅನ್ನೋ ಮಾರ್ಗಸೂಚಿ ಪ್ರಕಾರ ಮುಂದಕ್ಕೆ ಸರಕಿನ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು ಬಲವನ್ನು ತಡೆಯುವಂತಿರಬೇಕು. ನಿಮ್ಮ 60 ಕೆಜಿಗೆ ಮುಂದಕ್ಕೆ 48 ಕೆಜಿ ಭಾರದಷ್ಟು. ಇದು ದೊಡ್ಡ ಬಲವೇನಲ್ಲ, 25 ಮಿಲಿಮೀಟರ್ ಅಗಲದ ಮಾಮೂಲಿ ಪಟ್ಟಿ ಸಾಕು. ಸೋಲೋದು ಪಟ್ಟಿಯಲ್ಲ, ಗೋಡೆಗೆ ಹೊಡೆದ ಸ್ಕ್ರೂ. ಆ ಗೋಡೆಗಳ ಒಳಗೆ ಫೋಮ್ ಇರುತ್ತೆ, ಸ್ಕ್ರೂ ಕಿತ್ತು ಕೈಗೆ ಬರುತ್ತೆ. ಕಂಪನಿಯವರೇ ಹಾಕಿದ ನೆಲದ ಬಳೆಗೋ ರೈಲಿಗೋ ಕಟ್ಟಿ. ರ‍್ಯಾಚೆಟ್ (ಹಿಡಿಕೆ ಆಡಿಸಿ ಬಿಗಿಸುವ) ಪಟ್ಟಿಗಿಂತ ಕೈಯಲ್ಲೇ ಎಳೆದು ಬಿಗಿಸುವ ಬಕಲ್ ಪಟ್ಟಿ ನನಗಿಷ್ಟ. ಕಾರ್ಬನ್ ಫ್ರೇಮಾದರೆ ರ‍್ಯಾಚೆಟ್ ಮುಟ್ಟಲೇಬೇಡಿ. ಬ್ರೇಕಿನ ಡಿಸ್ಕ್ ಮೇಲೆ, ಹೈಡ್ರಾಲಿಕ್ ಪೈಪಿನ ಮೇಲೆ ಪಟ್ಟಿ ಹಾಯಬಾರದು.

ಅಂದಹಾಗೆ ಜರ್ಮನಿಯ ರಸ್ತೆ ನಿಯಮದ 22ನೇ ಕಲಮಿನಲ್ಲಿ, ಪೂರ್ತಿ ಬ್ರೇಕ್ ಒತ್ತಿದರೂ ಸರಕು ಜಾರಬಾರದು, ಬೀಳಬಾರದು ಅಂತಷ್ಟೇ ಅಲ್ಲ, ತಪ್ಪಿಸಬಹುದಾದ ಸದ್ದನ್ನೂ ಮಾಡಬಾರದು ಅಂತಿದೆ!

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೊದಲು ಸೈಕಲ್ ಒಳಗೆ ಹೋಗಬೇಕಲ್ಲ. ಗ್ಯಾರೇಜಿನ ಬಾಗಿಲಿನ ಎತ್ತರ ಅಳೆದುಕೊಳ್ಳಿ, ಹ್ಯಾಂಡಲ್ಲಿನದ್ದೂ ಅಳೆಯಿರಿ. ಬಹಳ ಸಲ ತಡೆಯೋದು ಹ್ಯಾಂಡಲ್ಲೇ. ನಮ್ಮ ಮನೆಯವರು ಸ್ಪೀಡ್‌ಲಿಫ್ಟರ್ ಅನ್ನೋ ಭಾಗ ಹಾಕಿಸಿದ್ದಾರೆ, ಸ್ಪ್ಯಾನರ್ ಇಲ್ಲದೆ ಹ್ಯಾಂಡಲ್ ತಗ್ಗಿಸಿ ಅಡ್ಡ ತಿರುಗಿಸಬಹುದು. ಮಡಚುವ ಪೆಡಲ್ಲೂ ಹಾಕಿಸಿ, ಮೊಣಕಾಲಿಗೂ ಒಳ್ಳೇದು, ಗೋಡೆಗೂ ಒಳ್ಳೇದು. ಒಂದರ ತಲೆ ಎಡಕ್ಕೆ, ಇನ್ನೊಂದರದು ಬಲಕ್ಕೆ ನಿಲ್ಲಿಸಿದರೆ ಜಾಗ ಉಳಿಯುತ್ತೆ. ಮುಂದಿನ ಚಕ್ರ ಬಿಚ್ಚೋದಾದರೆ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ತೂರಿಸಿ. ಇಲ್ಲದಿದ್ದರೆ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡ್ ಎರಡೂ ಕೂಡಿಕೊಂಡು ಚಕ್ರ ವಾಪಸ್ ಕೂರಲ್ಲ.

ಹೊರಗೆ ಎಳೆದುಕೊಳ್ಳುವ ರೈಲು ಬೇಕಿದ್ದರೆ ತೂಲೆ ಕಂಪನಿಯ ವೆಲೋಸ್ಲೈಡ್ ಇದೆ, ಫಿಯಾಮಾದವರ ಗ್ಯಾರೇಜ್ ರೈಲುಗಳೂ ಇವೆ. ಬಗ್ಗಿ ಒಳಗೆ ನುಗ್ಗೋ ಪಾಡು ತಪ್ಪುತ್ತೆ. ಆದರೆ ರೈಲಿನ ತೂಕವನ್ನೂ ಆ 60ಕ್ಕೆ ಸೇರಿಸಿಕೊಳ್ಳಿ.

ಉತ್ತರ 3

ನಾವು ಧಾರವಾಡದವ್ರು, ಈಗ ನೆದರ್ಲ್ಯಾಂಡ್ಸ್‌ನಾಗ ಅದೀವ್ರಿ. ಪಟ್ಟಿ ಎಷ್ಟ ಬಿಗಿದ್ರೂ ಒಂದು ಸೈಕಲ್ ಪೆಡಲ್ ಇನ್ನೊಂದರ ಫ್ರೇಮಿಗೆ ತಿಕ್ಕತದ ನೋಡ್ರಿ. ನಡುವ ಏನರ ದಪ್ಪಂದು ಹಾಕ್ರಿ. ನಾವು ಊರಿಂದ ತಂದ ಹಳೇ ಕೌದಿ ಇಳಿಬಿಡ್ತೀವಿ. ಅದಕಿಂತ ಚಲೋದು ಯಾವ ಅಂಗಡ್ಯಾಗೂ ಸಿಗಂಗಿಲ್ರಿ. ಫ್ರೇಮಿಗೆ ನೀರಿನ ಪೈಪಿಗೆ ಸುತ್ತೋ ಫೋಮ್ ಸೀಳಿ ತೊಡಿಸ್ರಿ, ಭಾಳ ಸೋವಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಗಳ ಸೈಕಲ್ ಯಾವ ಕಡೆ ನಿಲ್ಲಿಸಲಿ? ಇಷ್ಟೆಲ್ಲ ರಗಳೆ ಬದಲು ಹಿಂದೆ ಹೊರಗೇ ತೂಗುಹಾಕೋ ಕ್ಯಾರಿಯರ್ ಹಾಕಿಸಿಬಿಡಲಾ?

ಉತ್ತರ 1

ಹೊರಗಿನ ಕ್ಯಾರಿಯರ್ ಇನ್ನೂ ಹಿಂದಕ್ಕೆ ಹೋಗುತ್ತೆ, ಏತ ಉದ್ದವಾಗುತ್ತೆ. ಅದೂ ಅಲ್ಲದೆ ಇಟಲಿಯಲ್ಲಿ ಹಿಂದಕ್ಕೆ ಚಾಚಿದ ಸರಕಿಗೆ 50×50 ಸೆಂಟಿಮೀಟರಿನ ಕೆಂಪು-ಬಿಳಿ ಪಟ್ಟೆಯ ಫಲಕ ಕಡ್ಡಾಯ. ಗ್ಯಾರೇಜೇ ಇರುವಾಗ ನಾನಾಗಿದ್ದರೆ ಹಾಕಿಸಲ್ಲ.

ಭಾರದ ಎರಡು ಬೈಕನ್ನು ಮುಂದಿನ ಗೋಡೆಯ ಕಡೆ, ಅಂದರೆ ಆಕ್ಸಲ್‌ಗೆ ಹತ್ತಿರ ನಿಲ್ಲಿಸಿ. ಮಗಳದ್ದು ಕೊನೆಗೆ, ಹಿಂಬದಿಗೆ. ಹಗುರ, ದಾರಿಯಲ್ಲಿ ಮೊದಲು ಇಳಿಸೋದೂ ಅದನ್ನೇ. ಒಳಗೆ ಬಿಸಿಗಾಳಿಯ ಕಿಂಡಿ, ಬಾಯ್ಲರಿನ ನೀರು ಬಿಡುವ ವಾಲ್ವ್ ಎಲ್ಲಿವೆ ನೋಡಿಕೊಳ್ಳಿ, ಪೆಡಲ್ ತಾಗಬಾರದು. ಗ್ಯಾರೇಜ್ ಬಾಗಿಲಿನ ಬೀಗ ತೆಳು, ಒಳಗೂ ಒಂದು ಸರಪಳಿ ಹಾಕಿ ಮೂರನ್ನೂ ನೆಲದ ಬಳೆಗೆ ಸೇರಿಸಿಬಿಡಿ. ಹೊರಟು ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ. ಟೈರು ಒತ್ತಿಕೊಂಡು ಕೂತಮೇಲೆ ಪಟ್ಟಿ ಸ್ವಲ್ಪ ಸಡಿಲ ಆಗಿರುತ್ತೆ, ಬ್ರೆನ್ನರ್ ಏರೋ ಮುಂಚೆ ಬಿಗಿಸಿಕೊಳ್ಳಿ.